ಬೀರುವಿನ ಬೀಗ ತೆಗೆದ ಲೆಕ್ಕ

ನಿಮ್ಮ ಮಕ್ಕಳ ಶಾಲೆಗೆ ಹೋದಾಗ ಎರಡು ಪ್ರಶ್ನೆ ಕೇಳಿ ನೋಡಿ. ‘ಇಲ್ಲಿ ಗ್ರಂಥಾಲಯ ಇದೆಯೇ?’ ಎಂಬುದು ಮೊದಲನೆಯದು. ಹೆಚ್ಚಿನ ಕಡೆ ‘ಇದೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ‘ಅದರಲ್ಲಿನ ಎಷ್ಟು ಪುಸ್ತಕಗಳು ಇವತ್ತು ಮಕ್ಕಳ ಮನೆಯಲ್ಲಿವೆ?’ ಎಂಬುದು ಎರಡನೆಯದು. ಇದಕ್ಕೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಮುಖ್ಯ ಶಿಕ್ಷಕರ ಕೊಠಡಿಯಲ್ಲಿರುವ ಒಂದು ಕಬ್ಬಿಣದ ಬೀರು. ಆ ಬೀರುವಿಗೆ ಒಂದು ಬೀಗ.

ನಾನು ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಶಿಕ್ಷಕಿ. ನಮ್ಮಂಥ ಶಾಲೆಗಳಲ್ಲಿ ಗ್ರಂಥಪಾಲಕರೆಂದು ಪ್ರತ್ಯೇಕವಾಗಿ ಯಾರೂ ಇರುವುದಿಲ್ಲ. ಪಾಠ, ಹಾಜರಾತಿ, ಬಿಸಿಯೂಟದ ಲೆಕ್ಕಗಳ ಜೊತೆಗೆ ಯಾರಾದರೊಬ್ಬ ಶಿಕ್ಷಕರು ಪುಸ್ತಕಗಳ ಹೊಣೆಯನ್ನೂ ಹೊರಬೇಕು. ಕನ್ನಡ ಮೇಡಂ ಎಂದ ಮೇಲೆ ಕಥೆ ಪುಸ್ತಕ ಅವರಿಗೇ ಸೇರಿದ್ದು ಎಂಬ ನ್ಯಾಯದಲ್ಲಿ ಆ ಹೊಣೆ ನನ್ನ ಪಾಲಿಗೆ ಬಂತು. ಪುಸ್ತಕ ಕೊಡುವ, ಹಿಂದಕ್ಕೆ ಪಡೆಯುವ ಲೆಕ್ಕವನ್ನು ನಾವು ನೋಟ್‌ಬುಕ್‌ನಿಂದ ಕಂಪ್ಯೂಟರ್‌ಗೆ ತಂದು ಎರಡು ವರ್ಷವಾಯಿತು. ಅದರಿಂದ ಏನಾಯಿತು ಎಂಬುದನ್ನು ದೊಡ್ಡವರೂ ಮಕ್ಕಳೂ ಕೂಡಿ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬೀಗ ಯಾಕೆ ಬಿತ್ತು?

ಪುಸ್ತಕಗಳೇ ಇಲ್ಲ ಎನ್ನುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ಪತ್ರಿಕೆಗಳು, ಎಲ್ಲ ವಿಷಯಗಳ ಪುಸ್ತಕಗಳು, ಕಥೆ ಪುಸ್ತಕಗಳು ಸಿಗಬೇಕು ಎಂದು ಬರೆದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದೇ ಅನುದಾನವಿದೆ. ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿಯಿಂದ ಶುರುವಾಗಿ ದೊಡ್ಡ ಶಾಲೆಗೆ 20,000 ರೂಪಾಯಿವರೆಗೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕೊಟ್ಟದ್ದು ಇನ್ನಷ್ಟು. ಪುಸ್ತಕ ಬರುತ್ತದೆ. ಬಂದದ್ದು ಬೀರುವಿನಿಂದ ಹೊರಗೆ ಬರುವುದೇ ಕಷ್ಟ.

ಕಾರಣ ಬಹಳ ಸರಳ. ಬಂದ ಪ್ರತಿ ಪುಸ್ತಕವನ್ನೂ ದಾಸ್ತಾನು ವಹಿಯಲ್ಲಿ ಹೆಸರು, ಬೆಲೆ ಸಮೇತ ಬರೆಯುತ್ತಾರೆ. ಆ ಶಿಕ್ಷಕರಿಗೆ ವರ್ಗವಾದರೆ ಮುಂದಿನವರಿಗೆ ಎಣಿಸಿ ‘ಚಾರ್ಜ್’ ಕೊಡಬೇಕು. ವಹಿಯಲ್ಲಿ 600 ಇದ್ದು ಬೀರುವಿನಲ್ಲಿ 570 ಇದ್ದರೆ ಉಳಿದ 30ಕ್ಕೆ ಉತ್ತರ ಹೇಳಬೇಕಾದವರು ಆ ಶಿಕ್ಷಕರು. ಕೈಯಿಂದ ದುಡ್ಡು ಕಟ್ಟಬೇಕಾದೀತು ಎಂಬ ಭಯ ಅವರಿಗೆ. ಕೊಟ್ಟರೆ ತಾನೇ ಕಳೆಯುವುದು? ಕೊಡದೇ ಇದ್ದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಪುಸ್ತಕ ಓದದ ಶಾಲೆಯ ಲೆಕ್ಕ ಎಲ್ಲಕ್ಕಿಂತ ಚೊಕ್ಕ! ಬೀಗ ಹಾಕಿದವರು ಮಕ್ಕಳ ಮೇಲಿನ ಸಿಟ್ಟಿನಿಂದ ಹಾಕಿದ್ದಲ್ಲ, ಲೆಕ್ಕದ ಮೇಲಿನ ಭಯದಿಂದ ಹಾಕಿದ್ದು.

ಈ ಭಯ ಹೊಸದೇನೂ ಅಲ್ಲ. ಯುರೋಪಿನಲ್ಲಿ ಪುಸ್ತಕಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಒಂದೊಂದು ಪುಸ್ತಕವೂ ಆಸ್ತಿಯಿದ್ದಂತೆ. ಯಾರೂ ಒಯ್ಯದಿರಲಿ ಎಂದು ಅವನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರಿಫರ್ಡ್ ಕೆಥೆಡ್ರಲ್‌ನಲ್ಲಿ ಅಂಥ ಸರಪಳಿ ಗ್ರಂಥಾಲಯ ಇಂದಿಗೂ ನೋಡಲು ಸಿಗುತ್ತದೆ. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟಾಗ, ಪುಸ್ತಕಗಳಿರುವುದು ಬಳಕೆಗೆ ಎಂಬುದನ್ನೇ ಮೊದಲ ಸೂತ್ರವಾಗಿ ಇಟ್ಟರು. ಅದನ್ನು ವಿವರಿಸುವಾಗ ಅವರು ಈ ಸರಪಳಿಯ ಕಾಲವನ್ನು ನೆನಪಿಸುತ್ತಾರೆ. ರಂಗನಾಥನ್ ಮೂಲತಃ ಗಣಿತದ ಮೇಷ್ಟರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿಯೇ ಒಂದು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರು ಹುಟ್ಟಿದ ತಿಂಗಳೆಂದು ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಆಚರಿಸುತ್ತೇವೆ.

ನೋಟ್‌ಬುಕ್ಕಿನ ಮಿತಿ

ಬೀಗ ತೆಗೆದ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ಉದ್ದದ ನೋಟ್‌ಬುಕ್ ಇರುತ್ತದೆ. ದಿನಾಂಕ, ಮಗುವಿನ ಹೆಸರು, ತರಗತಿ, ಪುಸ್ತಕದ ಹೆಸರು, ಸಹಿ. ಒಂದು ಮಗುವಿಗೆ ಒಂದು ನಿಮಿಷವೆಂದರೂ 40 ಮಕ್ಕಳಿಗೆ 40 ನಿಮಿಷ; ಒಂದು ಪೀರಿಯಡ್ ಪೂರ್ತಿ ಬರೆಯುವುದರಲ್ಲೇ ಮುಗಿಯಿತು. ಪುಸ್ತಕ ವಾಪಸು ಬಂದಾಗ ಹಳೆಯ ಸಾಲನ್ನು ಹುಡುಕಿ ಗೀಟು ಎಳೆಯಬೇಕು. ‘ಆ ಹುಲಿ ಪುಸ್ತಕ ಯಾರ ಹತ್ತಿರ ಇದೆ ಮಿಸ್?’ ಎಂದು ಒಬ್ಬ ಕೇಳಿದರೆ ಹತ್ತು ಪುಟ ತಿರುವಬೇಕು.

ದೊಡ್ಡ ಗ್ರಂಥಾಲಯಗಳು ಇದಕ್ಕೆ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದವು. ಅಪ್ಪ ಅಮ್ಮಂದಿರಿಗೆ ನೆನಪಿರಬಹುದು: ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಒಂದು ಕಾಗದದ ಜೇಬು, ಅದರಲ್ಲಿ ಪುಸ್ತಕದ ಚೀಟಿ. ಪುಸ್ತಕ ಒಯ್ಯುವಾಗ ಆ ಚೀಟಿಯನ್ನು ನಮ್ಮ ಸದಸ್ಯತ್ವದ ಚೀಟಿಯ ಜೊತೆ ಸೇರಿಸಿ, ದಿನಾಂಕದ ಪ್ರಕಾರ ಒಂದು ಟ್ರೇಯಲ್ಲಿ ನಿಲ್ಲಿಸುತ್ತಿದ್ದರು. ಬರವಣಿಗೆಯೇ ಇಲ್ಲ. ಪುಸ್ತಕ ಬಂದ ಕೂಡಲೇ ಎರಡು ಚೀಟಿ ಬೇರೆ ಮಾಡಿದರೆ ಲೆಕ್ಕ ಮುಗಿಯಿತು. ಆದರೆ ಚೀಟಿಗಳು ಬೇರೆಯಾದ ಮೇಲೆ ಆ ಪುಸ್ತಕ ಯಾರ ಮನೆಗೆ ಹೋಗಿತ್ತು ಎಂಬುದಕ್ಕೆ ಗುರುತು ಉಳಿಯುತ್ತಿರಲಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಮೂರು ಪಟ್ಟಿಗಳ ಜಾಣತನ

ಕಂಪ್ಯೂಟರ್ ಎಂದ ಕೂಡಲೇ ಹೆದರಬೇಕಾಗಿಲ್ಲ. ಪುಸ್ತಕ ಎರವಲಿನ ಲೆಕ್ಕಕ್ಕೆ ಬೇಕಾಗಿರುವುದು ಮೂರೇ ಪಟ್ಟಿ. ಮೊದಲನೆಯದು ಪುಸ್ತಕಗಳ ಪಟ್ಟಿ: ಪ್ರತಿ ಪುಸ್ತಕಕ್ಕೂ ಒಂದು ದಾಖಲೆ ಸಂಖ್ಯೆ, ಹೆಸರು, ಲೇಖಕರು, ಬೆಲೆ. ಎರಡನೆಯದು ಮಕ್ಕಳ ಪಟ್ಟಿ: ಪ್ರತಿ ಮಗುವಿಗೂ ಒಂದು ಸಂಖ್ಯೆ, ಹೆಸರು, ತರಗತಿ. ಮೂರನೆಯದು ಎರವಲಿನ ಪಟ್ಟಿ. ಇದರಲ್ಲಿ ಹೆಸರುಗಳನ್ನು ಬರೆಯುವುದೇ ಇಲ್ಲ. ಮಗುವಿನ ಸಂಖ್ಯೆ, ಪುಸ್ತಕದ ಸಂಖ್ಯೆ, ಒಯ್ದ ದಿನ, ತಂದ ದಿನ, ಇಷ್ಟೇ. ಒಯ್ದ ದಿನ ಇದ್ದು ತಂದ ದಿನ ಖಾಲಿ ಇದ್ದರೆ ಪುಸ್ತಕ ಹೊರಗಿದೆ ಎಂದು ಅರ್ಥ. ಉಳಿದದ್ದನ್ನೆಲ್ಲ ಕಂಪ್ಯೂಟರ್ ಮೊದಲೆರಡು ಪಟ್ಟಿಗಳಿಂದ ಹುಡುಕಿ ತೋರಿಸುತ್ತದೆ.

ಸಂಖ್ಯೆ ಟೈಪ್ ಮಾಡುವ ಕೆಲಸವನ್ನೂ ಬಾರ್‌ಕೋಡ್ ತಪ್ಪಿಸುತ್ತದೆ. ಈ ಗೆರೆಗಳ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ನಾರ್ಮನ್ ವುಡ್‌ಲ್ಯಾಂಡ್ ಎಂಬ ಯುವಕ ಕಡಲತೀರದಲ್ಲಿ ಕೂತು, ಬಾಲ್ಯದಲ್ಲಿ ಕಲಿತ ಮೋರ್ಸ್ ಸಂಕೇತದ ಚುಕ್ಕಿ, ಗೀಟುಗಳನ್ನು ಯೋಚಿಸುತ್ತ ಮರಳಿನಲ್ಲಿ ಬೆರಳು ಎಳೆದನಂತೆ. ಚುಕ್ಕಿ ಗೀಟುಗಳು ಕೆಳಕ್ಕೆ ಇಳಿದು ತೆಳು, ದಪ್ಪ ಗೆರೆಗಳಾದವು. ಅವನಿಗೂ ಅವನ ಗೆಳೆಯ ಬರ್ನಾರ್ಡ್ ಸಿಲ್ವರ್‌ಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಯಲ್ಲಿ ಬಾರ್‌ಕೋಡ್ ಓದಿ ಮೊದಲ ವಸ್ತು ಮಾರಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದಲ್ಲಿ. ಆ ವಸ್ತು ಒಂದು ಪೊಟ್ಟಣ ಚೂಯಿಂಗ್ ಗಮ್!

ಶಾಲೆಗೆ ಮುಖ್ಯವಾದ ಗುಟ್ಟು ಇದು: ಸಾಮಾನ್ಯ ಬಾರ್‌ಕೋಡ್ ಸ್ಕ್ಯಾನರ್ ಎಂದರೆ ಬಹಳ ವೇಗವಾಗಿ ಟೈಪ್ ಮಾಡುವ ಒಂದು ಕೀಬೋರ್ಡ್, ಅಷ್ಟೇ. ಗೆರೆಗಳಲ್ಲಿರುವ ಸಂಖ್ಯೆಯನ್ನು ಓದಿ, ಕರ್ಸರ್ ಇದ್ದಲ್ಲಿ ಬರೆದು, ಎಂಟರ್ ಒತ್ತುತ್ತದೆ. ಹಾಗಾಗಿ ಯಾವ ಹಾಳೆಯಲ್ಲಿ ಬೇಕಾದರೂ ಕೆಲಸ ಮಾಡುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲಿನ ಕ್ಯಾಮೆರಾ ಸಾಕು. ಅದೂ ಬೇಡವೆಂದರೆ ಸಂಖ್ಯೆಯನ್ನು ಕೈಯಲ್ಲೇ ಒತ್ತಿದರೂ ಹೆಸರು ಬರೆಯುವುದಕ್ಕಿಂತ ಬೇಗ.

ಮಕ್ಕಳಿಗೊಂದು ಲೆಕ್ಕ

ಮಕ್ಕಳೇ, ನಿಮ್ಮ ಮನೆಯ ಯಾವುದಾದರೂ ಹೊಸ ಪುಸ್ತಕದ ಹಿಂಬದಿ ನೋಡಿ. ಬಾರ್‌ಕೋಡ್ ಬಳಿ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆ ಇರುತ್ತದೆ. ಭಾರತದಲ್ಲಿ ಪ್ರಕಟವಾದ ಪುಸ್ತಕಗಳಲ್ಲಿ ಸಾಮಾನ್ಯವಾಗಿ 978ರ ನಂತರ 81 ಅಥವಾ 93 ಇರುತ್ತದೆ. ಎಡದಿಂದ 1, 3, 5 ಹೀಗೆ ಬೆಸ ಸ್ಥಾನದ ಏಳು ಅಂಕಿಗಳನ್ನು ಕೂಡಿಸಿ. ಸಮ ಸ್ಥಾನದ ಆರು ಅಂಕಿಗಳನ್ನು ಬೇರೆಯಾಗಿ ಕೂಡಿಸಿ 3ರಿಂದ ಗುಣಿಸಿ. ಎರಡನ್ನೂ ಸೇರಿಸಿದರೆ ಬರುವ ಮೊತ್ತದ ಕೊನೆಗೆ ಸೊನ್ನೆ ಇರಲೇಬೇಕು. ಒಂದೇ ಒಂದು ಅಂಕಿಯನ್ನು ಬದಲಿಸಿ ಮತ್ತೆ ಮಾಡಿ ನೋಡಿ, ಸೊನ್ನೆ ಬರುವುದಿಲ್ಲ. ಟೈಪ್ ಮಾಡುವಾಗ ಬೆರಳು ತಪ್ಪಿದರೆ ಕಂಪ್ಯೂಟರ್ ಹಿಡಿಯುವುದು ಹೀಗೆ.

ಇನ್ನೊಂದು ಪ್ರಶ್ನೆ: ಐಎಸ್‌ಬಿಎನ್ ಇದ್ದ ಮೇಲೆ ಶಾಲೆಯದೇ ದಾಖಲೆ ಸಂಖ್ಯೆ ಯಾಕೆ ಬೇಕು? ಒಂದೇ ಪುಸ್ತಕದ ನಾಲ್ಕು ಪ್ರತಿಗಳಿದ್ದರೆ ನಾಲ್ಕಕ್ಕೂ ಐಎಸ್‌ಬಿಎನ್ ಒಂದೇ. ನೀವು ಒಯ್ದದ್ದು ಯಾವ ಪ್ರತಿ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ನಮ್ಮ ಶಾಲೆಯ ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟಕ್ಕೋ ಐಎಸ್‌ಬಿಎನ್ ಇಲ್ಲವೇ ಇಲ್ಲ. ಅದಕ್ಕೇ ಪ್ರತಿ ಪುಸ್ತಕಕ್ಕೂ ಶಾಲೆಯದೇ ಚೀಟಿ ಅಂಟಿಸಿದೆವು. ಏಳನೇ ತರಗತಿಯವರು ಮೂರು ಶನಿವಾರ ಕೂತು ಈ ಕೆಲಸ ಮುಗಿಸಿದರು. ಅಂಟಿಸುತ್ತ ಅಂಟಿಸುತ್ತ ಅರ್ಧ ಬೀರು ಓದಿದ್ದೂ ಆಯಿತು.

ದುಡ್ಡು ಕೇಳದ ತಂತ್ರಾಂಶ

ಗ್ರಂಥಾಲಯಕ್ಕೆಂದೇ ಇರುವ ತಂತ್ರಾಂಶಗಳಲ್ಲಿ ‘ಕೋಹಾ’ ಪ್ರಸಿದ್ಧ. ಅದು ಹುಟ್ಟಿದ್ದು ನ್ಯೂಜಿಲೆಂಡಿನ ಹೋರೊವೆನುವಾ ಎಂಬ ಊರುಕಡೆಯ ಸಣ್ಣ ಗ್ರಂಥಾಲಯಗಳಿಗಾಗಿ. 2000ನೇ ಇಸವಿ ಬಂದರೆ ತಮ್ಮ ಹಳೆಯ ತಂತ್ರಾಂಶ ನಿಂತುಹೋಗುತ್ತದೆ ಎಂಬ ಚಿಂತೆಯಲ್ಲಿ 1999ರಲ್ಲಿ ಹೊಸದನ್ನು ಬರೆಸಿದರು. ಬರೆಸಿದ ಮೇಲೆ ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಲೋಕಕ್ಕೇ ಬಿಟ್ಟುಕೊಟ್ಟರು. ಕೋಹಾ ಎಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಉಡುಗೊರೆ. ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೂ ‘ಇ-ಗ್ರಂಥಾಲಯ’ ಎಂಬ ತಂತ್ರಾಂಶವನ್ನು ರೂಪಿಸಿದೆ.

ಸಾವಿರಾರು ಪುಸ್ತಕ, ಕಂಪ್ಯೂಟರ್ ನೋಡಿಕೊಳ್ಳುವ ಸಿಬ್ಬಂದಿ ಇರುವ ಪ್ರೌಢಶಾಲೆ, ಕಾಲೇಜುಗಳಿಗೆ ಇವು ಹೇಳಿ ಮಾಡಿಸಿದಂಥವು. ಒಂದು ಬೀರುವಿನ ನಮ್ಮ ಶಾಲೆಗೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕಾಯಿತು. ಮೂರು ಪಟ್ಟಿಗೆ ಮೂರು ಹಾಳೆ. ಅಂತರ್ಜಾಲ ಬೇಕಿಲ್ಲ. ಕರೆಂಟು ಹೋದ ದಿನ ಎರಡೆರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಟ್ಟು ಮಾರನೇ ದಿನ ಸೇರಿಸುತ್ತೇವೆ. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ನಕಲು, ತಿಂಗಳಿಗೊಮ್ಮೆ ಕಾಗದದ ಮೇಲೆ ಮುದ್ರಣ. ಹಳೆಯ ದಾಸ್ತಾನು ವಹಿಯನ್ನು ಬಿಟ್ಟಿಲ್ಲ. ಅದು ಕಾನೂನಿನ ದಾಖಲೆ, ಇದು ದಿನದ ಬಳಕೆಯದು.

ಕತೆಯೋ ಕಥೆಯೋ?

ಕಷ್ಟ ಬಂದದ್ದು ಯಂತ್ರದಿಂದಲ್ಲ, ನಮ್ಮ ಕನ್ನಡದ ಸಿರಿವಂತಿಕೆಯಿಂದ. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಯಾರಾದರೂ ‘ಕಥೆ’ ಎಂದು ಹುಡುಕಿದರೆ ಕಂಪ್ಯೂಟರ್ ‘ಇಲ್ಲ’ ಎನ್ನುತ್ತದೆ. ಕುವೆಂಪು ಬೇರೆ, ಕೆ.ವಿ. ಪುಟ್ಟಪ್ಪ ಬೇರೆ ಎಂದು ತಿಳಿಯುತ್ತದೆ. ಒಂದು ಪುಸ್ತಕದಲ್ಲಿ ಶಿವರಾಮ ಕಾರಂತ, ಇನ್ನೊಂದರಲ್ಲಿ ಕೆ. ಶಿವರಾಮ ಕಾರಂತ, ಮತ್ತೊಂದರಲ್ಲಿ ಡಾ. ಕಾರಂತ, ಮೂವರು ಲೇಖಕರಾದರು! ಅರ್ಕಾವತ್ತು ಹಾಕಿ ಬರೆದ ‘ಸೂರ್ಯ’ನೂ ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆದ ಸೂರ್ಯನೂ ಓದುವವರಿಗೆ ಒಬ್ಬನೇ, ಕಂಪ್ಯೂಟರ್‌ಗೆ ಇಬ್ಬರು. ಯುನಿಕೋಡ್ ಬರುವುದಕ್ಕೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ್ದ ಹಳೆಯ ಪಟ್ಟಿಯಂತೂ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಬೇರೆಯೇ ಅಕ್ಷರ. ಹುಡುಕಿದರೆ ಏನೂ ಸಿಗದು.

ಅದಕ್ಕೆ ಕೆಲವು ನಿಯಮ ಮಾಡಿಕೊಂಡೆವು. ಎಲ್ಲವೂ ಯುನಿಕೋಡ್‌ನಲ್ಲೇ ಇರಬೇಕು. ಲೇಖಕರ ಹೆಸರಿಗೆ ಒಂದೇ ರೂಪ. ಪುಸ್ತಕದ ಹೆಸರು ರಕ್ಷಾಪುಟದ ಮೇಲೆ ಇದ್ದಂತೆಯೇ. ಪಕ್ಕದಲ್ಲಿ ‘ಮಕ್ಕಳು ಕರೆಯುವ ಹೆಸರು’ ಎಂಬ ಇನ್ನೊಂದು ಕಾಲಂ. ಅಲ್ಲಿ ‘ಇಲಿ ಪದ್ಯ’ ಎಂದು ಹೊಡೆದರೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಸಿಗುತ್ತದೆ. ಈ ಕಾಲಂ ತುಂಬಿಸಿದವರು ಮಕ್ಕಳೇ.

ಹರಿದ ಪುಸ್ತಕದ ಜಮಾಖರ್ಚು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಬಂದದ್ದರಿಂದ ಕಳೆದ ಪುಸ್ತಕಗಳೆಲ್ಲ ಸಿಕ್ಕಿಬಿಡಲಿಲ್ಲ. ಬದಲಾದದ್ದು ಕಳೆಯುವುದಕ್ಕೆ ಇದ್ದ ಅರ್ಥ.

ಮೊದಲ ವರ್ಷದ ಕೊನೆಗೆ ನಮ್ಮ ಲೆಕ್ಕದಲ್ಲಿ ಕೆಲವು ಪುಸ್ತಕ ಹರಿದಿದ್ದವು, ಕೆಲವು ಬಂದಿರಲಿಲ್ಲ. ಹಳೆಯ ವಹಿಯಲ್ಲಾದರೆ ಅವು ಬರೀ ‘ಕೊರತೆ’. ಈ ಸಲ ಮುಖ್ಯ ಶಿಕ್ಷಕರು ಎಸ್‌ಡಿಎಂಸಿ ಸಭೆಯ ಮುಂದೆ ಬೇರೆ ಪಟ್ಟಿ ಇಟ್ಟರು. ಈ ಪಂಚತಂತ್ರ 31 ಮಕ್ಕಳ ಮನೆಗೆ ಹೋಗಿ ಬಂದಿದೆ, ಬೈಂಡು ಬಿಟ್ಟಿದೆ. ಈ ಒಗಟಿನ ಪುಸ್ತಕ 26 ಸಲ ಹೋಗಿದೆ, ಕೊನೆಯ ನಾಲ್ಕು ಪುಟವಿಲ್ಲ. ಸಭೆಯಲ್ಲಿದ್ದ ತಂದೆಯೊಬ್ಬರು, ‘ಇಷ್ಟು ಜನ ಓದಿದ ಮೇಲೆ ಹರಿಯದೆ ಏನು ಮಾಡುತ್ತೆ? ಎತ್ತಿನ ಹಗ್ಗವೂ ಸವೆಯುತ್ತೆ’ ಎಂದರು. ಆ ಪುಸ್ತಕಗಳನ್ನು ದಾಸ್ತಾನಿನಿಂದ ತೆಗೆಯಲು ಸಭೆ ಠರಾವು ಬರೆಯಿತು. ಹರಿದ ಪುಸ್ತಕ ಶಿಕ್ಷಕರ ಮೇಲಿನ ಆಪಾದನೆ ಆಗಲಿಲ್ಲ. ಮಕ್ಕಳು ಓದಿದ್ದಕ್ಕೆ ಪುರಾವೆ ಆಯಿತು. ಬೀಗ ನಿಜವಾಗಿ ತೆರೆದುಕೊಂಡದ್ದು ಅವತ್ತು. ಅಲ್ಲಿಂದ ಮುಂದೆ ಒಂದನೇ ತರಗತಿಯ ಮಕ್ಕಳಿಗೂ ಪುಸ್ತಕ ಮನೆಗೆ ಕೊಡಲು ಯಾರೂ ಹಿಂಜರಿಯಲಿಲ್ಲ.

ಪಟ್ಟಿ ಇನ್ನೊಂದನ್ನೂ ಹೇಳಿತು. ದಪ್ಪ ರಟ್ಟಿನ, ಹೊಳೆಯುವ ಕಾಗದದ ಇಂಗ್ಲಿಷ್ ವಿಶ್ವಕೋಶಗಳು ಒಮ್ಮೆಯೂ ಹೊರಗೆ ಹೋಗಿರಲಿಲ್ಲ. ತೆಳ್ಳಗಿನ, ದೊಡ್ಡ ಅಕ್ಷರದ, ಚಿತ್ರವಿರುವ ಕನ್ನಡ ಪುಸ್ತಕಗಳು ಬೀರುವಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮುಂದಿನ ಅನುದಾನದಲ್ಲಿ ಏನು ಕೊಳ್ಳಬೇಕು ಎಂದು ಮಕ್ಕಳೇ ಹೇಳಿದಂತಾಯಿತು.

ಮೂರನೆಯದು ನನ್ನ ಮನಸ್ಸಿಗೆ ತಟ್ಟಿದ್ದು. ಆರನೇ ತರಗತಿಯ ಒಬ್ಬ ಹುಡುಗಿಯ ಸಾಲಿನಲ್ಲಿ ಎರಡು ತಿಂಗಳಿಂದ ಏನೂ ಇರಲಿಲ್ಲ. ಮೊದಲು ವಾರಕ್ಕೆರಡು ಒಯ್ಯುತ್ತಿದ್ದವಳು. ಬಿಡುವಿನಲ್ಲಿ ಒಬ್ಬಳನ್ನೇ ಕರೆದು ವಿಚಾರಿಸಿದೆ. ಮಳೆಗಾಲದಲ್ಲಿ ಮನೆ ಸೋರಿ ಪುಸ್ತಕ ನೆನೆದಿತ್ತು. ಬಿಸಿಲಿಗಿಟ್ಟು ಒಣಗಿಸಿ ವಾಪಸು ಮಾಡಿದ್ದಳು. ‘ಇನ್ನೊಂದು ಹಾಳಾದರೆ ದುಡ್ಡು ಎಲ್ಲಿಂದ ತರೋಣ, ತರಲೇಬೇಡ’ ಎಂದಿದ್ದರಂತೆ ಅಮ್ಮ. ದಂಡ ಎಂಬ ಮಾತನ್ನು ನಾವು ಎಂದೂ ಆಡಿರಲಿಲ್ಲ. ಆದರೆ ದಂಡವಿಲ್ಲ ಎಂದೂ ಯಾರೂ ಹೇಳಿರಲಿಲ್ಲ. ಮಾರನೇ ವಾರ ಬೀರುವಿನ ಬಾಗಿಲಿಗೆ ಕಾಗದ ಅಂಟಿಸಿದೆವು: ‘ಪುಸ್ತಕ ಹಾಳಾದರೆ ಬಂದು ಹೇಳಿ. ದುಡ್ಡು ಕೇಳುವುದಿಲ್ಲ.’ ಪುಸ್ತಕದ ಜೊತೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಕೊಡತೊಡಗಿದೆವು. ಅವಳು ಮತ್ತೆ ಬಂದಳು.

ನೋಡಬೇಕಾದ್ದು, ನೋಡಬಾರದ್ದು

ಇದೇ ಜಾಗದಲ್ಲಿ ಎಚ್ಚರವೂ ಬೇಕು. ಹಳೆಯ ಚೀಟಿ ಪದ್ಧತಿ ಯಾರು ಏನು ಓದಿದರು ಎಂಬುದನ್ನು ಮರೆತುಬಿಡುತ್ತಿತ್ತು. ಕಂಪ್ಯೂಟರ್ ಮರೆಯುವುದಿಲ್ಲ. ಒಬ್ಬ ಹುಡುಗ ಐದನೇ ತರಗತಿಯಲ್ಲೂ ಎರಡನೇ ತರಗತಿಯವರ ಚಿತ್ರಪುಸ್ತಕವನ್ನೇ ಒಯ್ಯುತ್ತಿರಬಹುದು. ಒಬ್ಬಳು ದೊಡ್ಡವಳಾಗುವುದರ ಬಗೆಗಿನ ಪುಸ್ತಕ ಒಯ್ದಿರಬಹುದು. ಅದು ಅವರವರ ವಿಷಯ. ಆ ಪಟ್ಟಿಯನ್ನು ಗೋಡೆಗೆ ಹಚ್ಚಬಾರದು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ‘ಈ ತಿಂಗಳ ಅತಿ ಹೆಚ್ಚು ಪುಸ್ತಕ ಒಯ್ದವರು’ ಎಂಬ ಬಹುಮಾನವೂ ಬೇಡ ಎಂಬುದು ನನ್ನ ಅಭಿಪ್ರಾಯ; ಬಹುಮಾನವಿಟ್ಟರೆ ಮಕ್ಕಳು ತೆಳ್ಳನೆಯ ಪುಸ್ತಕಗಳನ್ನು ಒಯ್ದು, ತೆರೆಯದೇ ತರುತ್ತಾರೆ. ನಾವು ವರ್ಷದ ಕೊನೆಗೆ ಎರವಲಿನ ಪಟ್ಟಿಯಿಂದ ಮಕ್ಕಳ ಸಂಖ್ಯೆಯನ್ನು ಅಳಿಸುತ್ತೇವೆ. ಪುಸ್ತಕ ಎಷ್ಟು ಸಲ ಹೋಯಿತು ಎಂಬುದಷ್ಟೇ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಯ ಬಗ್ಗೆ ವಿಶೇಷ ಕಾಳಜಿ ಕೇಳುತ್ತದೆ. ಯಾವುದಾದರೂ ಆ್ಯಪ್ ಮಗುವಿನ ಫೋಟೋ, ಫೋನ್ ನಂಬರ್, ಆಧಾರ್ ಕೇಳಿದರೆ ಒಂದು ಕಥೆ ಪುಸ್ತಕ ಕೊಡಲು ಅದೆಲ್ಲ ಯಾಕೆ ಎಂದು ಪೋಷಕರು ಕೇಳಬೇಕು.

ರಜೆಗೆ ಎರಡು ಪುಸ್ತಕ

ನಮ್ಮಲ್ಲಿ ಮೊದಲು ಮಾರ್ಚ್ ಬಂತೆಂದರೆ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಬೀಗ ಹಾಕುವ ರೂಢಿ ಇತ್ತು. ತರಗತಿ ಬದಲಾಗುತ್ತದೆ, ನೋಟ್‌ಬುಕ್ ಬದಲಾಗುತ್ತದೆ, ಲೆಕ್ಕ ತಪ್ಪುತ್ತದೆ ಎಂಬ ಕಾರಣಕ್ಕೆ. ಓದಲು ಅತಿ ಹೆಚ್ಚು ಬಿಡುವಿರುವ ಬೇಸಿಗೆಯಲ್ಲೇ ಕೈಯಲ್ಲಿ ಪುಸ್ತಕವಿಲ್ಲ! ಈಗ ಮಗುವಿನ ಸಂಖ್ಯೆ ತರಗತಿಯೊಂದಿಗೆ ಬದಲಾಗುವುದಿಲ್ಲ. ನಾಲ್ಕರಲ್ಲಿ ಒಯ್ದ ಪುಸ್ತಕವನ್ನು ಐದಕ್ಕೆ ಬಂದಾಗ ಕೊಡಬಹುದು. ಕಳೆದ ಬೇಸಿಗೆಯಲ್ಲಿ ತಲಾ ಎರಡು ಪುಸ್ತಕ ಕೊಟ್ಟು ಕಳಿಸಿದೆವು. ಅವು ಮುಗಿದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಶಾಲೆ ಶುರುವಾದ ವಾರ ಪುಸ್ತಕಗಳು ಒಂದೊಂದಾಗಿ ಬಂದವು. ಒಂದರಲ್ಲಿ ಹುಣಸೆಹಣ್ಣಿನ ಕಲೆ, ಇನ್ನೊಂದರಲ್ಲಿ ಗುರುತಿಗಿಟ್ಟ ನವಿಲುಗರಿ. ಇನ್ನೂ ಬಾರದವು ಒಂಬತ್ತು. ಒಂಬತ್ತೂ ಯಾರ ಮನೆಯಲ್ಲಿವೆ ಎಂಬುದು ಪಟ್ಟಿಯಲ್ಲಿದೆ. ಅವುಗಳಲ್ಲಿ ಒಂದನ್ನು ಹುಡುಗನ ಅಜ್ಜಿ ಓದುತ್ತಿದ್ದಾರಂತೆ, ಮುಗಿಸಲು ಇನ್ನೊಂದು ವಾರ ಕೇಳಿದ್ದಾರೆ. ಕೊಟ್ಟಿದ್ದೇನೆ.